ಕೋಟೆಗೆ ಎರಡು ಸಲ ಹೋಗಿ

ಪ್ರಶ್ನೆ: ಅಕ್ಕಾವ್ರೇ, ನನಗೆ 34 ವರ್ಷ. ದಾವಣಗೆರೆಯಲ್ಲಿ ಸಣ್ಣ ಬಟ್ಟೆ ಅಂಗಡಿ ಇದೆ. ನನಗೂ ನನ್ನ ಹೆಂಡತಿಗೂ ಚಿತ್ರದುರ್ಗದ ಕೋಟೆ ಅಂದರೆ ಪ್ರಾಣ. ಮದುವೆ ಗೊತ್ತಾದ ಮೇಲೆ ಇಬ್ಬರೂ ಮೊದಲು ಹೋಗಿದ್ದೇ ಅಲ್ಲಿಗೆ. ಆಮೇಲೂ ಎರಡು ತಿಂಗಳಿಗೊಮ್ಮೆ ಬೈಕ್ ಹತ್ತುತ್ತಿದ್ದೆವು. ತುಪ್ಪದ ಕೊಳದ ಬಂಡೆಯನ್ನು ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನನಗಿಂತ ಮೊದಲು ಹತ್ತಿ, ಮೇಲಿಂದ ಕೂಗುತ್ತಿದ್ದಳು. ಮಗ ಹುಟ್ಟಿದ ಮೇಲೆ ಹೋಗಿರಲಿಲ್ಲ. ಅವನಿಗೀಗ ಮೂರೂವರೆ. ಕಳೆದ ಏಪ್ರಿಲ್‌ನಲ್ಲಿ ಆಸೆಪಟ್ಟು ಬೆಣ್ಣೆ ದೋಸೆ ತಿಂದು ಹತ್ತು ಗಂಟೆಗೆ ಹೊರಟೆವು. ಅರ್ಧ ದಾರಿಗೇ ‘ಎತ್ಕೋ’ ಅಂತ ಹಟ. ಗೋಪಾಲಸ್ವಾಮಿ ಹೊಂಡ ತೋರಿಸಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಅವಳು ಅವನನ್ನೂ ಬ್ಯಾಗನ್ನೂ ಹಿಡಿದು ನೆರಳಲ್ಲಿ ಕೂತಳು, ನಾನು ತುಪ್ಪದ ಕೊಳ ಹತ್ತಿ ಬಂದೆ. ಇಳಿಯುವಾಗ ಮೆಟ್ಟಿಲ ಮೇಲೆ ಮಲಗೇಬಿಟ್ಟ. ‘ನಿನ್ನಿಂದ ಎಲ್ಲಾ ಹಾಳಾಯ್ತು’ ಅಂತ ಕಿರುಚಿಬಿಟ್ಟೆ. ಜನ ತಿರುಗಿ ನೋಡಿದರು. ಅವತ್ತಿನಿಂದ ಹೆಂಡತಿ ‘ಅವನು ದೊಡ್ಡವನಾಗೋವರೆಗೂ ಕೋಟೆ ಸುದ್ದಿ ಎತ್ತಬೇಡಿ’ ಅಂತಾಳೆ. ನಮ್ಮವ್ವ ‘ಕೂಸನ್ನ ನನ್ನ ಹತ್ರ ಬಿಟ್ಟು ನೀವಿಬ್ರೇ ಹೋಗ್ಬನ್ನಿ’ ಅಂತಾಳೆ. ಬಿಟ್ಟು ಹೋಗೋಕೆ ಮನಸ್ಸು ಒಪ್ಪಲ್ಲ, ಕರ್ಕೊಂಡು ಹೋಗೋಕೆ ಧೈರ್ಯ ಇಲ್ಲ. ಏನು ಮಾಡಲಿ?

ಉತ್ತರ: ಅಕ್ಕ ಅಂದಿದ್ದೀರಿ, ಹಾಗಾಗಿ ಅಕ್ಕನ ಸಲುಗೆಯಲ್ಲೇ ಕೇಳುತ್ತೇನೆ. ಏಪ್ರಿಲ್ ತಿಂಗಳಲ್ಲಿ, ಅದೂ ಹತ್ತು ಗಂಟೆಗೆ ಹೊರಟು, ಕೂಸನ್ನು ಕರೆದುಕೊಂಡು ಯಾರಾದರೂ ಕೋಟೆಗೆ ಬರುತ್ತಾರಾ? ನಾನು ಆ ಕೋಟೆಯ ಬುಡದಲ್ಲೇ ಬೆಳೆದವಳು. ಕಲ್ಲಿನ ಕೋಟೆ ಅಂತ ಯಾಕೆ ಕರೆದರು ಅನ್ನುವುದು ಬೇಸಿಗೆಯಲ್ಲಿ ಅಂಗಾಲಿಗೆ ಗೊತ್ತಾಗುತ್ತದೆ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್ ದಾಟಿ, ಗಾಡಿ ನಿಲ್ಲಿಸಿ, ಟಿಕೆಟ್ ತಗೊಂಡು ಒಳಗೆ ಕಾಲಿಡುವಾಗ ಹನ್ನೊಂದೂವರೆ ಆಗಿರಬೇಕು. ಅಷ್ಟೊತ್ತಿಗೆ ಬಂಡೆಗಳು ರೊಟ್ಟಿ ಹಂಚಿನ ಹಾಗೆ ಕಾದಿರುತ್ತವೆ. ನಿಮ್ಮ ಮುಖಕ್ಕೆ ಒಂದಿಷ್ಟು ಗಾಳಿಯಾದರೂ ತಾಗುತ್ತದೆ. ಮೂರಡಿ ಎತ್ತರದವನಿಗೆ ಕಲ್ಲಿನ ಝಳ ನೇರ ಮುಖಕ್ಕೇ. ಅದು ಮಕ್ಕಳು ಮಧ್ಯಾಹ್ನದ ನಿದ್ದೆಗೆ ಜಾರುವ ಹೊತ್ತು ಬೇರೆ. ಮೆಟ್ಟಿಲ ಮೇಲೆ ಮಲಗಿದ್ದನ್ನು ಹಟ ಅಂತ ಬರೆದಿದ್ದೀರಿ. ನನಗೆ ಅದು ನಿದ್ದೆಯ ಹಾಗೆ ಕಾಣುತ್ತದೆ.

ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ ಕೊನೆಗೆ 1779ರಲ್ಲಿ ಗೆದ್ದ ಕೋಟೆ ಅದು. ಮೂರೂವರೆ ವರ್ಷದ ಹುಡುಗ ಒಂದೇ ಹೊತ್ತಿನಲ್ಲಿ ಗೋಪಾಲಸ್ವಾಮಿ ಹೊಂಡದವರೆಗೆ ಬರಬೇಕಿತ್ತೇ?

ನನ್ನದೂ ಒಂದು ಕತೆ ಕೇಳಿ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಜಿಲ್ಲೆಗೆ ಜಿಲ್ಲೆಯೇ ಹಿರಿಯೂರಿನ ಕಡೆ ಹೊರಟಿತ್ತು. ನನ್ನಪ್ಪ ಸಾಯುವವರೆಗೂ ನೋಡದೇ ಹೋದ ನೋಟ ಅದು. ಮೊಮ್ಮಗನಿಗೆ ತೋರಿಸಲೇಬೇಕು ಅಂತ ನಾಲ್ಕು ವರ್ಷದವನನ್ನು ಕಂಕುಳಲ್ಲಿಟ್ಟುಕೊಂಡು ಆ ಜಂಗುಳಿಯಲ್ಲಿ ನುಗ್ಗಿದೆ. ‘ನೋಡು ನೋಡು, ನೀರು ನೋಡು’ ಅಂತ ನನ್ನ ಕಣ್ಣಲ್ಲೇ ನೀರು. ಅವನು ನನ್ನ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ಮೆಕ್ಕೆಜೋಳ ಸುಡುವವನ ಬೀಸಣಿಗೆ ನೋಡುತ್ತಿದ್ದ. ಬೀಸಿದಾಗ ಕೆಂಡದ ಕಿಡಿ ಹಾರುತ್ತಿತ್ತು, ನಿಲ್ಲಿಸಿದಾಗ ಬೂದಿ ಕೂರುತ್ತಿತ್ತು. ಅರ್ಧ ಗಂಟೆ ಅದೇ. ನನಗೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎಂಬತ್ತೊಂಬತ್ತು ವರ್ಷ ಕಾದದ್ದು ನಮ್ಮೂರು, ಅವನಲ್ಲ.

ನಿಮ್ಮ ಮಗನೂ ಹಾಗೆಯೇ. ಆ ಮೆಟ್ಟಿಲ ಮೇಲೆ ನೀವು ಐದು ವರ್ಷದ ನೆನಪು ಹುಡುಕುತ್ತಿದ್ದಿರಿ, ಅವನಿಗೆ ಅದು ಬರೀ ಮೆಟ್ಟಿಲು. ದೂರದ ನೋಟ, ಬತೇರಿ, ಇತಿಹಾಸ ಯಾವುದೂ ಆ ವಯಸ್ಸಿಗೆ ಎಟುಕುವುದಿಲ್ಲ. ಕೈಗೆ ಎಟುಕಿದ್ದು ಮಾತ್ರ ಅವರಿಗೆ ಊರು. ಆದ್ದರಿಂದ ಅವನನ್ನು ಕರೆದುಕೊಂಡು ಬರುವ ದಿನ ಮೇಲೆ ಹತ್ತುವ ಯೋಚನೆಯನ್ನೇ ಬಿಡಿ. ಬಾಗಿಲುಗಳ ನಡುವೆ ದಾರಿ ಅಂಕುಡೊಂಕಾಗಿ ತಿರುಗುತ್ತದಲ್ಲ, ಅಲ್ಲೇ ಅವನಿಗೆ ಕಣ್ಣಾಮುಚ್ಚಾಲೆ ಸಿಕ್ಕಿತು. ಗೋಡೆಯಲ್ಲಿ ಗಾರೆಯಿಲ್ಲದೆ ಕೂರಿಸಿದ ದೊಡ್ಡ ದೊಡ್ಡ ಕಲ್ಲುಗಳ ಸಂದಿನಲ್ಲಿ ಇರುವೆ ಸಾಲು, ಓತಿಕ್ಯಾತ. ಸಿಡಿಮದ್ದು ಬೀಸುವ ಕಲ್ಲುಗಳನ್ನು ಕಂಡರೆ, ಅಜ್ಜಿ ಮನೆಯ ಬೀಸುಕಲ್ಲನ್ನು ರಾಕ್ಷಸರು ಎತ್ತಿಕೊಂಡು ಬಂದಿಟ್ಟಿದ್ದಾರೆ ಅಂದರೂ ನಂಬುತ್ತಾನೆ. ಓಬವ್ವನ ಕಿಂಡಿಯವರೆಗೆ ನಡೆದನೋ, ಅವತ್ತಿಗೆ ಅದು ದೊಡ್ಡ ಸಾಧನೆ. ನಾವು ಮೈ ಮಡಚಿ ಕೂರುವ ಆ ಸಂದಿ ಅವನಿಗೆ ಹೇಳಿ ಮಾಡಿಸಿದ ಅಳತೆ. ಒನಕೆಯಲ್ಲಿ ತಲೆ ಒಡೆದ ಭಾಗವನ್ನು ಈಗಲೇ ಹೇಳಬೇಡಿ, ರಾತ್ರಿ ನಿಮ್ಮನ್ನೇ ಎಬ್ಬಿಸುತ್ತಾನೆ. ಗಂಡ ಊಟಕ್ಕೆ ಕೂತಿದ್ದ, ಹೆಂಡತಿ ನೀರಿಗೆ ಹೋದಳು, ಸದ್ದು ಕೇಳಿಸಿತು, ಅಲ್ಲಿಗೆ ಸಾಕು. ಅವನು ಒಂದು ಕಲ್ಲಿನ ಹತ್ತಿರ ಮುಕ್ಕಾಲು ಗಂಟೆ ಕೂತರೆ ಕೂರಲಿ. ಹೊಂಡಗಳ ಕಡೆ ಈ ಸಲ ಬೇಡ. ನೀರು ಕಂಡರೆ ಮಕ್ಕಳು ಬಾಣ, ಅಲ್ಲಿ ನಿಮಗೂ ಜೀವ ಕೈಯಲ್ಲಿ.

ಇನ್ನು ನಿಮ್ಮ ಕಾಗದದಲ್ಲಿ ನನಗೆ ಚುಚ್ಚಿದ ಜಾಗಕ್ಕೆ ಬರುತ್ತೇನೆ. ‘ಅವಳು ಅವನನ್ನೂ ಬ್ಯಾಗನ್ನೂ ಹಿಡಿದು ನೆರಳಲ್ಲಿ ಕೂತಳು, ನಾನು ತುಪ್ಪದ ಕೊಳ ಹತ್ತಿ ಬಂದೆ.’ ಒಂದೇ ಸಾಲು, ಅದನ್ನು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಿಮಗಿಂತ ಮೊದಲು ಹತ್ತಿ ಮೇಲಿಂದ ಕೂಗುತ್ತಿದ್ದವಳು ಅವತ್ತು ಬುಡದಲ್ಲಿ ಕೂತು ನಿಮ್ಮನ್ನು ಕತ್ತೆತ್ತಿ ನೋಡಿದ್ದಾಳೆ. ಅಷ್ಟು ವರ್ಷದ ಮೇಲೆ ಬಂದು, ಬಂಡೆಗೆ ಕೊರೆದ ಆ ಪುಟ್ಟ ಪುಟ್ಟ ಗುಳಿಗಳಲ್ಲಿ ಹೆಬ್ಬೆರಳು ಸಹ ಊರದೆ ಹಿಂದಕ್ಕೆ ಹೋಗಿದ್ದಾಳೆ. ನೀವು ಇಳಿದು ಬಂದ ಮೇಲೆ ‘ನೀನು ಹತ್ತಿ ಬಾ, ಇವನನ್ನು ನಾನು ನೋಡ್ಕೋತೀನಿ’ ಅಂದಿರಾ? ಅಂದಿದ್ದರೆ ಬರೆಯುತ್ತಿದ್ದಿರಿ. ಅಷ್ಟಾದ ಮೇಲೂ, ಎಲ್ಲಾ ಹಾಳಾಯ್ತು ಅಂತ ಕಿರುಚಿದ್ದು ನೀವು! ಕೋಟೆ ಸುದ್ದಿ ಎತ್ತಬೇಡಿ ಅಂತ ಆಕೆ ಹೇಳುತ್ತಿರುವುದು ಮಗನ ಕಾಲುನೋವಿಗೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಕೇಳಿ ನೋಡಿ. ಅಂಗಡಿ ಬಾಗಿಲು ಹಾಕಿ ಬಂದ ಮೇಲೆ, ಮಗ ಮಲಗಿದ ಮೇಲೆ, ಟಿವಿ ಆರಿಸಿ ಕೇಳಿ. ಉತ್ತರ ಬಂದಾಗ ನಿಮ್ಮ ಕಡೆಯ ನ್ಯಾಯ ಹೇಳುವುದಕ್ಕೆ ಹೋಗಬೇಡಿ.

ಕಿರುಚಿದ್ದರ ಬಗ್ಗೆ ನಿಮಗೇ ನಾಚಿಕೆ ಇದೆ, ನಾನು ಮತ್ತೆ ಉಪ್ಪು ಸವರುವುದಿಲ್ಲ. ಮುಂದಿನ ಸಲ ಅದೇ ಮೆಟ್ಟಿಲ ಹತ್ತಿರ ಕೂತು ‘ಅವತ್ತು ಅಪ್ಪ ಕೂಗಿದ್ದು ತಪ್ಪು’ ಅಂತ ಅವನ ಕಣ್ಣು ನೋಡಿ ಒಂದು ಮಾತು ಹೇಳಿ. ಅವನಿಗೆ ನೆನಪಿರುತ್ತದೋ ಇಲ್ಲವೋ, ಹೇಳಿ. ಐಸ್‌ಕ್ರೀಂ ಕೊಡಿಸಿ ಮುಗಿಸಬೇಡಿ.

ಅವ್ವನ ಹತ್ತಿರ ಬಿಟ್ಟು ಹೋಗುವುದಕ್ಕೆ ಮನಸ್ಸು ಒಪ್ಪಲ್ಲ ಅಂದಿರಿ. ಅಂಗಡಿಗೆ ಹೋಗುವಾಗ ದಿನಾ ಬಿಟ್ಟೇ ಹೋಗುತ್ತೀರಲ್ಲ? ಅರ್ಧ ದಿನ ಅಜ್ಜಿಯ ಜೊತೆ ಮಂಡಕ್ಕಿ ತಿಂದುಕೊಂಡಿದ್ದರೆ ಹುಡುಗ ಅನಾಥನಾಗುವುದಿಲ್ಲ, ನಿಮ್ಮವ್ವ ಸರಿಯಾಗಿಯೇ ಹೇಳಿದ್ದಾರೆ. ಅವತ್ತು ನೀವು ಎಡವಿದ್ದು ಒಂದೇ ಕಡೆ. ಗಂಡ ಹೆಂಡತಿಯ ಕೋಟೆಯನ್ನೂ ಮಗನ ಕೋಟೆಯನ್ನೂ ಒಂದೇ ದಿನಕ್ಕೆ ಗಂಟು ಹಾಕಿದಿರಿ. ಅದನ್ನು ಬಿಚ್ಚಿ ಎರಡು ದಿನ ಮಾಡಿ.

ಮೊದಲು ನೀವಿಬ್ಬರೇ. ಮಳೆ ಮುಗಿದು ಕಾರ್ತಿಕದ ಚಳಿ ಬೀಳಲಿ. ಬಂಡೆ ಒದ್ದೆ ಇದ್ದರೆ ಮಾತ್ರ ತುಪ್ಪದ ಕೊಳದ ಆಸೆ ಬೇಡ, ಎಷ್ಟು ಹಳೇ ಹುಲಿಗಳಾದರೂ. ಕತ್ತಲಿರುವಾಗಲೇ ಊರು ಬಿಡಿ, ಬೆಣ್ಣೆ ದೋಸೆ ವಾಪಸ್ ಬಂದ ಮೇಲೂ ಇರುತ್ತದೆ. ಬುತ್ತಿ ಕಟ್ಟಿಕೊಂಡಿದ್ದರೆ ಹತ್ತುವ ಮೊದಲೇ ಬಿಚ್ಚಿ, ಮಂಗಗಳ ಕಣ್ಣಿಗೆ ಬಿದ್ದರೆ ನಿಮಗೆ ಖಾಲಿ ಡಬ್ಬಿಯೇ ಗತಿ. ಬಂಡೆಯ ಬುಡಕ್ಕೆ ಬಂದಾಗ ಆಕೆಯನ್ನು ಮುಂದೆ ಬಿಡಿ. ಬ್ಯಾಗು ನಿಮ್ಮ ಹೆಗಲಿಗಿರಲಿ, ಚಪ್ಪಲಿಯನ್ನೂ ನೀವೇ ಇಸ್ಕೊಳ್ಳಿ.