ಪ್ರತಿಕ್ರಿಯೆ: ಸೊಳ್ಳೆ ಓಡಿಸುವ ಶಬ್ದದ ಮಷೀನು ತರಬಹುದಾ?

ತೀರ್ಥಹಳ್ಳಿಯ ತೋಟದ ಮನೆ, ಪುಟ್ಟ ಮಗು ಬೇರೆ ಇದೆ, ಮನುಷ್ಯರಿಗೆ ಕೇಳದ ಶಬ್ದ ಹೊರಡಿಸಿ ಸೊಳ್ಳೆ ಓಡಿಸುವ ಮಷೀನು ತರಲಾ ಎಂದು ಕೇಳಿದ್ದೀರಿ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಇಂಥ ಮಷೀನುಗಳ ಬಗ್ಗೆ ನಡೆದ 10 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಕಡಿತ ಕಡಿಮೆಯಾದ ಸುಳಿವೇ ಸಿಕ್ಕಿಲ್ಲ.

ಸೊಳ್ಳೆಗೆ ಕಿವಿ ಇರುವುದು ನಿಜ. ಅದು ಆಂಟೆನಾದ ಬುಡದಲ್ಲಿದೆ. ಡೆಂಗಿ ಹರಡುವ ಈಡಿಸ್ ಹೆಣ್ಣು ಸೆಕೆಂಡಿಗೆ 400ಕ್ಕೂ ಜಾಸ್ತಿ ಸಲ ರೆಕ್ಕೆ ಬಡಿಯುತ್ತದೆ. ಆ ಗುಂಯ್ ಸದ್ದು ಹಿಡಿದೇ ಗಂಡು ಹುಡುಕಿಕೊಂಡು ಬರುತ್ತದೆ. ಹತ್ತಿರವಾದಾಗ ಗಂಡು, ಹೆಣ್ಣು ಎರಡೂ ತಮ್ಮ ರೆಕ್ಕೆಯ ವೇಗ ಬದಲಿಸಿ, ರೆಕ್ಕೆ ಸದ್ದಿನ ಜೊತೆಗೇ ಹುಟ್ಟುವ 1200 ಹರ್ಟ್ಸ್ (ಸೆಕೆಂಡಿಗೆ 1200 ಕಂಪನ) ಸುಮಾರಿನ ಮೇಲಿನ ಸ್ವರದಲ್ಲಿ ಶ್ರುತಿ ಕೂಡಿಸುತ್ತವೆ. ಇದು ಗೊತ್ತಾಗಿದ್ದು 2009ರಲ್ಲಿ. ಎಷ್ಟು ಸೋಜಿಗ ಅಲ್ವಾ!

ಮಷೀನಿನ ಶಬ್ದವೋ 20,000 ಹರ್ಟ್ಸ್‌ಗಿಂತ ಮೇಲೆ, ಅಂದರೆ ಸೊಳ್ಳೆಗಳ ಈ ಸ್ವರಕ್ಕಿಂತ ಎಷ್ಟೋ ಮೇಲೆ. ಅದೂ ಅಲ್ಲದೆ, ಕಡಿಯಲು ಬರುವ ಹೆಣ್ಣು ನಮ್ಮನ್ನು ಪತ್ತೆ ಮಾಡುವುದು ಉಸಿರು, ಬೆವರಿನ ವಾಸನೆ, ಮೈ ಬಿಸಿಯಿಂದ.

ಅದರ ಬದಲು ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನು ವಾರಕ್ಕೊಮ್ಮೆ ಎತ್ತಿಸಿ, ಇಲ್ಲವೇ ಮಗುಚಿ ಹಾಕಿ. ಅದರಲ್ಲಿ ನಿಂತ ಮಳೆನೀರಿನಲ್ಲೇ ಈಡಿಸ್ ಮರಿಗಳು ಬೆಳೆಯುತ್ತವೆ. ಮಗು ಹಗಲು ಮಲಗಿದರೂ ಸೊಳ್ಳೆಪರದೆ ಕಟ್ಟಿ. ಈ ಸೊಳ್ಳೆ ಹೆಚ್ಚಾಗಿ ಕಡಿಯುವುದು ಹಗಲು ಹೊತ್ತಿನಲ್ಲೇ.