ಒಂದು ಕೈ, ಒಂದು ಕಾಲಿನಿಂದ ಗಾಲಿಕುರ್ಚಿ ನಡೆಸುವ ಬಗೆ

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಗಾಲಿಕುರ್ಚಿ ಕೊಂಡೆವು. ಆದರೆ ಬಲಗೈಯಿಂದ ಚಕ್ರ ತಳ್ಳಿದಾಗಲೆಲ್ಲ ಅದು ಎಡಕ್ಕೇ ತಿರುಗಿ ಗೋಡೆಗೆ ತಾಗುತ್ತದೆ. ಈಗ ನಾವೇ ತಳ್ಳುತ್ತೇವೆ. ಅದು ಅವರಿಗೆ ಬಹಳ ಬೇಸರ ತಂದಿದೆ. ಒಂದೇ ಕೈಯಿಂದ ನಡೆಸುವ ವಿಶೇಷ ಕುರ್ಚಿ ಕೊಳ್ಳಬೇಕೆ?
– ಓದುಗರು, ನಾಪೋಕ್ಲು

ಉತ್ತರ: ಅವಸರಪಟ್ಟು ಕೊಳ್ಳಬೇಡಿ. ಆ ಬಗೆಯ ಕುರ್ಚಿಯಲ್ಲಿ ಎರಡೂ ಚಕ್ರಗಳ ಹಿಡಿಬಳೆಗಳು (ಚಕ್ರ ತಿರುಗಿಸಲು ಕೈಯಿಂದ ಹಿಡಿದು ತಳ್ಳುವ ಬಳೆಗಳು) ಒಂದೇ ಬದಿಗಿದ್ದು, ಅವನ್ನು ನಡೆಸಲು ತೋಳಿಗೆ ಹೆಚ್ಚಿನ ಬಲವೂ ಮನಸ್ಸಿಗೆ ಹೆಚ್ಚಿನ ಲೆಕ್ಕಾಚಾರವೂ ಬೇಕಾಗುತ್ತವೆ. ನಿಮ್ಮ ತಂದೆಯವರ ಬಲಗಾಲಿನಲ್ಲಿ ಶಕ್ತಿಯಿದೆ. ಕುರ್ಚಿಯ ದಿಕ್ಕನ್ನು ಹಿಡಿದಿಡಬೇಕಾದದ್ದು ಆ ಕಾಲು.

ಮೊದಲು ಬಲಬದಿಯ ಫುಟ್‌ರೆಸ್ಟ್ ತೆಗೆಯಿರಿ. ದಿಂಬು ಹಾಕಿ, ಸೊಂಟವನ್ನು ಪೂರ್ತಿ ಹಿಂದಕ್ಕೆ ಸರಿಸಿ ಕುಳಿತಾಗ ಬಲಪಾದ ನೆಲಕ್ಕೆ ಸಮನಾಗಿ ಊರುತ್ತದೆಯೇ ನೋಡಿ. ಸಾಮಾನ್ಯ ಕುರ್ಚಿಯ ಆಸನ ನೆಲದಿಂದ ಸುಮಾರು 20 ಅಂಗುಲ ಎತ್ತರದಲ್ಲಿರುವುದರಿಂದ ಅನೇಕರಿಗೆ ಪಾದ ಎಟಕುವುದಿಲ್ಲ, ಎಟಕಿಸಲು ಹೋಗಿ ಮುಂದಕ್ಕೆ ಜಾರುತ್ತಾರೆ. ಎರಡು ಅಂಗುಲ ತಗ್ಗಿಸಿದರೆ ಎಷ್ಟೋ ಮಂದಿಯ ಕಷ್ಟ ಅಲ್ಲಿಗೇ ಅರ್ಧ ಕಡಿಮೆಯಾಗುತ್ತದೆ. ಇಷ್ಟು ಸಣ್ಣ ಅಳತೆಯನ್ನು ಕೊಳ್ಳುವಾಗಲೇ ಯಾರೂ ನೋಡದಿರುವುದು ನನಗೆ ನೋವಿನ ಸಂಗತಿ.

ಬಲಗೈ ಚಕ್ರವನ್ನು ಮುಂದಕ್ಕೆ ತಳ್ಳುವ ಹೊತ್ತಿಗೇ ಬಲಹಿಮ್ಮಡಿಯನ್ನು ಮುಂದೆ ಊರಿ, ಮೊಣಕಾಲು ಮಡಿಸುತ್ತ ನೆಲವನ್ನು ತನ್ನತ್ತ ಎಳೆದುಕೊಳ್ಳಬೇಕು. ಕುರ್ಚಿ ಎಡಕ್ಕೆ ವಾಲಿದರೆ ಕಾಲು ಅದನ್ನು ಬಲಕ್ಕೆ ತರುತ್ತದೆ. ಹವಾಯಿ ಚಪ್ಪಲಿ ಬೇಡ, ರಬ್ಬರ್ ಅಟ್ಟೆಯ ಶೂ ಇರಲಿ. ಕಾಫಿ ಒಣಗಿಸುವ ಸಿಮೆಂಟ್ ಕಣ ನಿಮ್ಮಲ್ಲಿದ್ದರೆ, ಕೊಯ್ಲು ಮುಗಿದ ಮೇಲೆ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ.

ಗೋಡೆಗೆ ತಾಗುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ನಿಮ್ಮ ತಂದೆಯವರಂತೆ ಎಡಬದಿ ಸ್ವಾಧೀನ ತಪ್ಪಿದ ಕೆಲವರಿಗೆ ಕಣ್ಣು ಸರಿಯಿದ್ದರೂ ಎಡಗಡೆಯ ಕಡೆಗೆ ಗಮನವೇ ಹರಿಯುವುದಿಲ್ಲ. ತಟ್ಟೆಯ ಎಡಭಾಗದ ಅನ್ನವನ್ನು ಅವರು ಬಿಟ್ಟೇಳುತ್ತಾರೆಯೇ ಗಮನಿಸಿ. ಹಾಗಿದ್ದರೆ ವೈದ್ಯರಿಗೆ ತಿಳಿಸಿ, ಪ್ರತಿ ಬಾಗಿಲಲ್ಲೂ ನಿಂತು ತಲೆಯನ್ನು ಎಡಕ್ಕೆ ಹೊರಳಿಸಿ ನೋಡುವ ಅಭ್ಯಾಸ ಮಾಡಿಸಿ. ಎಡಗೈ ಕೆಳಗೆ ಜೋತುಬಿದ್ದರೆ ಚಕ್ರದ ಕಡ್ಡಿಗಳಿಗೆ ಸಿಕ್ಕುವ ಅಪಾಯವಿದೆ, ಭುಜದ ಕೀಲೂ ಸಡಿಲಗೊಳ್ಳುತ್ತದೆ. ಅದನ್ನು ಆಧಾರದ ಮೇಲೆ ಇಡಿ. ಎಡಬದಿಯ ಬ್ರೇಕ್ ಹಿಡಿಗೆ ಒಂದು ಕೊಳವೆ ಸೇರಿಸಿ ಉದ್ದ ಮಾಡಿಸಿದರೆ ಬಲಗೈಗೆ ಎಟಕುತ್ತದೆ. ಹಾಸಿಗೆಗೆ ದಾಟುವಾಗ ಎರಡೂ ಬ್ರೇಕ್ ಹಾಕಿ, ಹಾಸಿಗೆ ಅವರ ಬಲಬದಿಗೆ ಬರುವಂತೆ ಕುರ್ಚಿ ನಿಲ್ಲಿಸಿ.

ನಮ್ಮ ಕೊಡಗಿನಲ್ಲಿ ಸಮತಟ್ಟಾದ ನೆಲ ಅಪರೂಪ. ಏರಿನಲ್ಲಿ ಮುಖ ಮುಂದಿಟ್ಟು ಹೋಗುವುದಕ್ಕಿಂತ ಹಿಮ್ಮುಖವಾಗಿ, ಬಲಗಾಲಿನಿಂದ ನೆಲವನ್ನು ಒದ್ದು ಹತ್ತುವುದು ಇಂಥವರಿಗೆ ಸುಲಭ, ಏಕೆಂದರೆ ಮೊಣಕಾಲನ್ನು ನೀಡುವ ತೊಡೆಯ ಸ್ನಾಯುಗಳು ಬಹಳ ಬಲಶಾಲಿ. ಇದನ್ನು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಕಲಿಯಲಿ, ಏರಿಳಿತದಲ್ಲಿ ಒಬ್ಬರು ಹ್ಯಾಂಡಲ್ ಹಿಡಿದಿರಲಿ. ಜಗುಲಿಗೆ ರ‍್ಯಾಂಪ್ ಕಟ್ಟಿಸುವುದಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೇಲ್ಮೈಯನ್ನು ಒರಟಾಗಿಯೇ ಬಿಡಿಸಿ, ಜೂನ್ ಬರುವ ಮೊದಲೇ ಪಾಚಿ ಉಜ್ಜಿಸಿ.