ಲೈಬ್ರರಿಯ ಬಣ್ಣದ ಗಾಜಿನ ಕಿಟಕಿ: ಸಿಲಿಕಾನ್ ಹಚ್ಚುವ ಮೊದಲು ಇದನ್ನು ಓದಿ

ಅಕ್ಕಾ, ನೀವು ಹಾಕಿದ ನಾಲ್ಕೂ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮೂರ ಲೈಬ್ರರಿಯ ಹಳೇ ಬಣ್ಣದ ಗಾಜಿನ ಕಿಟಕಿ ಕೆಳಗಡೆ ಒಳಕ್ಕೆ ಉಬ್ಬಿದೆ. ಎರಡು ಗಾಜು ಬಿರುಕು ಬಿಟ್ಟಿವೆ. ಮಳೆಗಾಲದಲ್ಲಿ ನೀರು ಒಸರಿ ಓದುವ ಮೇಜಿನ ಮೇಲೆ ಬೀಳುತ್ತದೆ ಅಂದಿದ್ದೀರಿ. ಸಮಿತಿಯವರು ಹೊರಗಿಂದ ಸಂದಿ ಮುಚ್ಚುವ ಸಿಲಿಕಾನ್ ಅಂಟು ಹಚ್ಚೋಣ, ಇಲ್ಲವೇ ಎಲ್ಲ ತೆಗೆದು ಒಂದೇ ಗಾಜು ಹಾಕಿ ಬಣ್ಣದ ಸ್ಟಿಕ್ಕರ್ ಅಂಟಿಸೋಣ ಅನ್ನುತ್ತಿದ್ದಾರಂತೆ. ದಯವಿಟ್ಟು ಎರಡೂ ಬೇಡ. ಜೂನ್ ಹತ್ತಿರ ಬಂತು ಅಂತ ಅವಸರ ಪಡಬೇಡಿ.

ಆ ಕಿಟಕಿಯಲ್ಲಿ ವಯಸ್ಸಾಗಿರುವುದು ಸೀಸಕ್ಕೆ. ಗಾಜಿನ ತುಂಡುಗಳ ನಡುವೆ ಕಪ್ಪು ಗೆರೆಗಳಿವೆಯಲ್ಲ, ಅವೇ ಸೀಸದ ಪಟ್ಟಿ. ಅಡ್ಡ ಕೊಯ್ದರೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾಣುತ್ತದೆ, ಎರಡೂ ಬದಿಯ ಸಂದಿಯಲ್ಲಿ ಗಾಜು ಕೂತಿರುತ್ತದೆ. ಅಲುಗಾಡದಂತೆ, ನೀರು ಬರದಂತೆ ಸಂದಿಗೆ ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಿದ ಪುಟ್ಟಿ ತುಂಬಿರುತ್ತಾರೆ. ಸೀಸ ಮೆದು ಲೋಹ. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ನೂರು ವರ್ಷದ ಆಸುಪಾಸಿಗೆ ಸೋತುಬಿಡುತ್ತದೆ. ಪುಟ್ಟಿಯೂ ಒಣಗಿ ಉದುರುತ್ತದೆ. ಆಗ ಭಾರವೆಲ್ಲ ಕೆಳಕ್ಕೆ ಇಳಿದು ಕಿಟಕಿ ಹೊಟ್ಟೆ ಬಿಡುತ್ತದೆ. ಇದಕ್ಕೆ ಹೊಸ ಸೀಸ ಹಾಕಬಹುದು, ಗೊತ್ತಿರುವ ಕೈಗೆ ಅದು ಮಾಡಿ ರೂಢಿಯಿರುವ ಕೆಲಸ. ಆದರೆ ಗಾಜು ಹೋದರೆ ಹೋಯಿತು. ನಿಮ್ಮ ಕಿಟಕಿಯಲ್ಲಿರುವಂಥ ಕಡು ನೀಲಿ ಸಾಮಾನ್ಯವಾಗಿ ಗಾಜು ಕರಗಿಸುವಾಗಲೇ ಕೋಬಾಲ್ಟ್ ಸೇರಿಸಿ ತಂದ ಬಣ್ಣ, ಸ್ಟಿಕ್ಕರಿನಲ್ಲಿ ಅದು ಎಲ್ಲಿ ಬರಬೇಕು?

ಸಿಲಿಕಾನ್ ಯಾಕೆ ಬೇಡ ಅಂದರೆ, ನಾನೇ ಹಚ್ಚಿ ಕೆಡಿಸಿದ್ದೇನೆ. ಕೊಡಗಿನ ಸುಂಟಿಕೊಪ್ಪ ಕಡೆ ಒಂದು ತೋಟದ ಹಳೇ ಬಂಗಲೆ. ಸೋರುವುದು ನಿಂತಿತು ಅಂತ ಖುಷಿಯಾಗಿತ್ತು. ಒಂದು ಕಕ್ಕಡ, ಅಂದರೆ ಜೋರು ಮಳೆಯ ತಿಂಗಳು, ಕಳೆಯುವಷ್ಟರಲ್ಲಿ ನೀರು ಹೇಗೋ ಒಳಗೆ ನುಗ್ಗಿ, ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ನಿಂತು ಸಂದಿಯಲ್ಲೆಲ್ಲ ಪಾಚಿ ಕಟ್ಟಿತು. ಬ್ಲೇಡ್ ಹಿಡಿದು ಆ ಸಿಲಿಕಾನ್ ಕೆರೆಯುವಾಗ ಗಾಜಿನ ಮೇಲೆ ಬರೆದಿದ್ದ ಒಂದು ಹಕ್ಕಿಯ ಕಣ್ಣು ಬ್ಲೇಡಿನ ಜೊತೆಗೇ ಬಂತು. ಮುಖ, ಕಣ್ಣು, ಬೆರಳು, ಅಕ್ಷರ ಇವನ್ನು ಕಬ್ಬಿಣದ ಆಕ್ಸೈಡ್ ಮತ್ತು ಗಾಜಿನ ಪುಡಿಯಿಂದ ಬರೆದು 600 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಸುಟ್ಟಿರುತ್ತಾರೆ. ಹಳೆಯದಾದಾಗ ಆ ಗೆರೆ ಬೇಗ ಬಿಟ್ಟುಕೊಳ್ಳುತ್ತದೆ. ಆ ಹಕ್ಕಿ ಇವತ್ತಿಗೂ ಕಣ್ಣಿಲ್ಲದೆ ಇದೆ, ನನಗೆ ಅದರ ಬೇಸರ ಹೋಗಿಲ್ಲ.

ಈ ವಾರವೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಉಬ್ಬಿದ ಜಾಗದ ಮುಂದೆ ಚೌಕಟ್ಟಿನ ಈ ಬದಿಯಿಂದ ಆ ಬದಿಗೆ ಒಂದು ನೂಲು ಬಿಗಿಯಾಗಿ ಎಳೆಯಿರಿ. ನೂಲಿಗೂ ಸೀಸಕ್ಕೂ ಎಷ್ಟು ಅಂತರ ಅಂತ ಸ್ಕೇಲಿನಲ್ಲಿ ಅಳೆದು ತಾರೀಕಿನ ಜೊತೆ ರಿಜಿಸ್ಟರಿನಲ್ಲಿ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಅಳೆಯಿರಿ. ಬದಲಾಗದಿದ್ದರೆ ಒಂದು ಮಳೆಗಾಲ ಕಾಯಬಹುದು. ಅಂತರ ಕಡಿಮೆಯಾಗಿ ಉಬ್ಬು ಬೆಳೆಯುತ್ತಿದ್ದರೆ ಕಾಯಬೇಡಿ, ಗೊತ್ತಿರುವವರನ್ನು ತಕ್ಷಣ ಕರೆಸಿ. ಉಬ್ಬನ್ನು ಕೈಯಲ್ಲಿ ಒತ್ತಿ ಸರಿ ಮಾಡಲು ಮಾತ್ರ ಯಾರನ್ನೂ ಬಿಡಬೇಡಿ, ಗಾಜು ಪಟಪಟ ಅಂತ ಒಡೆಯುತ್ತದೆ. ಓದುವ ಮೇಜನ್ನು ಹೇಗೂ ಅಲ್ಲಿಂದ ಸರಿಸಿ.

ಇನ್ನೊಂದು. ಮೂರನೇ ಫೋಟೋದಲ್ಲಿ ಒಳಗಡೆ ಅಡ್ಡ ಕಬ್ಬಿಣದ ಸರಳು ಕಾಣುತ್ತಿದೆ, ಅದಕ್ಕೆ ಕಿಟಕಿಯನ್ನು ಕಟ್ಟಿದ್ದ ತಂತಿ ಕಿತ್ತುಹೋದ ಹಾಗಿದೆ. ಉಬ್ಬಿಗೆ ಮುಖ್ಯ ಕಾರಣ ಅದೇ ಇರಬಹುದು. ಹತ್ತಿರದ ಫೋಟೋ ಬೇಕು.

ಮಳೆಗೆ ಏನು ಮಾಡುವುದು? ಮಡಿಕೇರಿ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಯುತ್ತದೆ, ಸುಮ್ನೆ ಬಿಡಲಾಗುವುದಿಲ್ಲ. ಹೊರಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟನ್ನು ಮರದ ಫ್ರೇಮಿಗೆ ಹಾಕಿ, ಕಿಟಕಿಯಿಂದ ಎರಡು ಇಂಚು ದೂರ ನಿಲ್ಲಿಸಿ. ಮೇಲೆ ಕೆಳಗೆ ಗಾಳಿ ಆಡಲು ಜಾಗ ಇರಲಿ, ಮೇಲಿನ ಸಂದಿಗೆ ಚಿಕ್ಕ ಮಾಡು (ಸೂರು) ಕೊಡಿ. ಟಾರ್ಪಾಲಿನಲ್ಲಿ ಬಿಗಿಯಾಗಿ ಮುಚ್ಚಿದರೆ ಒಳಗೇ ಬೆವರುತ್ತದೆ.

ಒರೆಸುವ ಕೆಲಸಕ್ಕೆ ಈಗ ಹೋಗಲೇಬೇಡಿ. ಸ್ಪ್ರೇ, ವಿನೆಗರ್, ಸೋಪು ಯಾವುದೂ ಬೇಡ. ಸೀಸದ ಮೇಲಿನ ಬಿಳಿ ಪುಡಿ ವಿಷ, ಮುಟ್ಟಿದರೆ ಕೈ ತೊಳೆಯಿರಿ, ಮಕ್ಕಳನ್ನು ದೂರ ಇಡಿ. ಗಾಜು ಉದುರಿದರೆ ಚೂರು ಚೂರನ್ನೂ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ.

ದೊಡ್ಡ ಕೆಲಸ ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲೆ ಶುರುವಾಗಿ, ಕಾಫಿ ಹೂ ಅರಳಿಸುವ ಹೂಮಳೆಯೊಳಗೆ ಮುಗಿಯಬೇಕು. ಅಷ್ಟರಲ್ಲಿ ಗ್ರಂಥಾಲಯ ಇಲಾಖೆಗೆ, ಪುರಾತತ್ವ ಇಲಾಖೆಗೆ, ಹಳೇ ಕಟ್ಟಡ, ಕಲೆ ಉಳಿಸುವ ಸಂಸ್ಥೆ ಇಂಟ್ಯಾಕ್‌ಗೆ ಫೋಟೋ ಸಮೇತ ಪತ್ರ ಬರೆಯಿರಿ. ಕೆಲಸಕ್ಕೆ ಬರುವವರನ್ನು ಒಂದೇ ಮಾತು ಕೇಳಿ: ಬಿರುಕು ಬಿಟ್ಟ ಗಾಜನ್ನು ಏನು ಮಾಡುತ್ತೀರಿ? 'ಬದಲಾಯಿಸುತ್ತೇವೆ' ಅಂದರೆ ಕಾಫಿ ಕೊಟ್ಟು ಕಳಿಸಿ. 'ನಂಬರ್ ಹಾಕಿ ಬಿಚ್ಚಿ, ಅಂಟಿಸಿ, ಅದೇ ಜಾಗಕ್ಕೆ ಕೂರಿಸುತ್ತೇವೆ' ಅಂದರೆ ಕೂರಿಸಿ ಮಾತಾಡಿ.

ಸಮಿತಿಯವರು ಒಪ್ಪದಿದ್ದರೆ ಒಂದು ಭಾನುವಾರ ಮೈಸೂರು ಅರಮನೆಗೆ ಕರೆದುಕೊಂಡು ಹೋಗಿ. ಗ್ಲಾಸ್ಗೋದಿಂದ ಬಂದ ಕಲ್ಯಾಣ ಮಂಟಪದ ನವಿಲಿನ ಗಾಜಿನ ಕೆಳಗೆ ಹತ್ತು ನಿಮಿಷ ನಿಲ್ಲಿಸಿ. ಆಮೇಲೆ ಸ್ಟಿಕ್ಕರಿನ ಮಾತು ಎತ್ತಲಿಕ್ಕಿಲ್ಲ.

ನೂಲಿನ ಅಳತೆ ಮತ್ತು ಸರಳಿನ ಫೋಟೋ ಇಲ್ಲೇ ಹಾಕಿ ಅಕ್ಕಾ, ಶನಿವಾರ ನಾನು ಆ ಕಡೆ ಬರುವುದಿದೆ, ಬಂದು ನೋಡುತ್ತೇನೆ.